ನಕ್ಷೆಯಲ್ಲಿ ಕೆಂಪಾಗಿದ್ದ ಬಡಾವಣೆ

ದಕ್ಷಿಣ ಬೆಂಗಳೂರಿನ ನಕ್ಷೆ ಕಂಪ್ಯೂಟರ್ ಪರದೆಯ ತುಂಬ ಹರಡಿತ್ತು. ಜಯನಗರ, ಬನಶಂಕರಿ, ಗಿರಿನಗರ ಎಲ್ಲವೂ ತಿಳಿ ಹಳದಿ. ಜೆ.ಪಿ. ನಗರದ ಕೆಲವು ಭಾಗ ಒಂದಿಷ್ಟು ಗಾಢ. ಬನ್ನೇರುಘಟ್ಟ ರಸ್ತೆಯ ಕಡೆಯ ಒಂದು ಬಡಾವಣೆ ಮಾತ್ರ ಖಾರದ ಪುಡಿ ಚೆಲ್ಲಿದ ಹಾಗೆ ಕೆಂಪಗಿತ್ತು.

“ಮೇಡಂ, ತಿರುಗಾಮುರುಗಾ ಲೆಕ್ಕ ಹಾಕಿ ನೋಡೀನ್ರಿ. ಈ ಕೆಂಪು ಹೋಗವಲ್ದು,” ಎಂದರು ನಮ್ಮ ಯೋಜನೆಯ ಸಂಖ್ಯಾಶಾಸ್ತ್ರಜ್ಞರು. ಗದಗದ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಖುಷಿಯಾದಾಗ ಗಟ್ಟಿಯಾಗಿ ಮಾತಾಡುತ್ತಾರೆ, ಚಿಂತೆಯಾದಾಗ ಇನ್ನೂ ಗಟ್ಟಿಯಾಗಿ. ಆ ದಿನ ಅವರ ಮಾತು ಕಾರಿಡಾರಿನ ಕೊನೆಯವರೆಗೂ ಕೇಳಿಸುತ್ತಿತ್ತು.

ನಾನು ಪೆಥಾಲಜಿಸ್ಟ್. ರೋಗಿಯ ಮೈಯಿಂದ ತೆಗೆದ ಗಂಟಿನ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿ, ಇದು ಇಂಥ ಕಾಯಿಲೆ ಎಂದು ಬರೆದುಕೊಡುವುದು ನನ್ನ ಕೆಲಸ. ನಾವು ಆಗ ಮಾಡುತ್ತಿದ್ದ ಅಧ್ಯಯನದ ಪ್ರಶ್ನೆ ಸರಳವಾಗಿತ್ತು: ನಗರದ ಈ ಭಾಗದ ಜನರಲ್ಲಿ ಯಾವ ಯಾವ ಬಗೆಯ ಲಿಂಫೋಮಾ ಎಷ್ಟೆಷ್ಟು ಕಾಣಿಸಿಕೊಳ್ಳುತ್ತಿದೆ? ಲಿಂಫೋಮಾ ಎಂದರೆ ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್. ಕೇಳಲು ಒಂದೇ ಹೆಸರಾದರೂ ಅದರಲ್ಲಿ ಹತ್ತಾರು ಬಗೆಗಳಿವೆ. ಕೆಲವು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತವೆ, ಕೆಲವು ನೋಡನೋಡುತ್ತಿದ್ದಂತೆ ಬೆಳೆಯುತ್ತವೆ. ಒಂದಕ್ಕೆ ನಾಟುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಬಗೆ ಗುರುತಿಸುವುದು ತಪ್ಪಿದರೆ ಒಬ್ಬ ರೋಗಿಗೆ ಸಲ್ಲದ ಚಿಕಿತ್ಸೆ. ಊರಿನ ಲೆಕ್ಕದಲ್ಲೇ ತಪ್ಪಿದರೆ ಊರಿಗೆಲ್ಲ ಸುಳ್ಳು ಸುದ್ದಿ.

ನಕ್ಷೆಯ ಆ ಕೆಂಪು ಟಿ-ಕೋಶದ ಲಿಂಫೋಮಾದ್ದು; ಜನಸಂಖ್ಯೆಗೆ ರೋಗಿಗಳು ಹೆಚ್ಚಿದಷ್ಟೂ ಬಣ್ಣ ಗಾಢ. ನಮ್ಮ ರಕ್ಷಣೆಗೆ ಇರುವ ಬಿಳಿ ರಕ್ತಕೋಶಗಳಲ್ಲಿ ಬಿ ಎಂದೂ ಟಿ ಎಂದೂ ಎರಡು ಮುಖ್ಯ ಪಂಗಡ. ಟಿ ಪಂಗಡದಲ್ಲಿ ಹುಟ್ಟುವ ಲಿಂಫೋಮಾ ಅಪರೂಪ, ಹಟಮಾರಿ ಕೂಡ. ಅಂಥದ್ದು ಒಂದೇ ಬಡಾವಣೆಯಲ್ಲಿ ಗುಂಪುಗೂಡಿದೆ ಎಂದರೆ ಅಲ್ಲಿನ ನೀರಿನಲ್ಲೋ ಗಾಳಿಯಲ್ಲೋ ಏನೋ ಇದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೇಳುವವರು ಆಗಲೇ ಕೇಳುತ್ತಿದ್ದರು. ಆ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು ನಮ್ಮ ಯೋಜನೆಯ ಮುಖ್ಯಸ್ಥೆಗೆ ಫೋನ್ ಮಾಡಿದ್ದರು. ಮುಖ್ಯಸ್ಥೆ ನನಗಿಂತ ಹಿರಿಯ ಪೆಥಾಲಜಿಸ್ಟ್. ಫೋನನ್ನು ಸ್ಪೀಕರಿಗೆ ಹಾಕಿ ನಮಗೂ ಕೇಳಿಸಿದರು.

“ನಮ್ಮ ಏರಿಯಾದಲ್ಲಿ ಕತ್ತಿನಲ್ಲಿ ಗಂಟು ಬಂದೋರು ಜಾಸ್ತಿ ಆಗಿದಾರೆ ಮೇಡಂ. ಬೋರ್‌ವೆಲ್ ನೀರಿಂದ ಬರತ್ತೆ ಅಂತ ಎಲ್ರ ಬಾಯಲ್ಲೂ ಅದೇ ಮಾತು. ಬಾಡಿಗೆಗಿದ್ದೋರು ಖಾಲಿ ಮಾಡ್ತಾ ಇದಾರೆ. ನೀವು ಸರ್ವೆ ಮಾಡ್ತಿದೀರಲ್ಲ, ಒಂದ್ಸಲ ಬಂದು ನಿಜ ಏನು ಅಂತ ಹೇಳ್ಬಿಡಿ.”

“ಬರ್ತೀವಿ. ಆದ್ರೆ ನಮಗೇ ಗೊತ್ತಾಗೋವರೆಗೂ ಕಾಯ್ಬೇಕು,” ಎಂದರು ಮುಖ್ಯಸ್ಥೆ. ಫೋನ್ ಇಟ್ಟ ಮೇಲೆ ನಮ್ಮ ಕಡೆ ತಿರುಗಿ, “ನಿಜ ಏನು?” ಎಂದರು.

ಸಂಖ್ಯಾಶಾಸ್ತ್ರಜ್ಞರು ಒಂದು ವಿಷಯ ಹೇಳಿದರು. ಆ ಬಡಾವಣೆಯ ಟಿ-ಕೋಶದ ವರದಿಗಳೆಲ್ಲ ಒಂದೇ ಪ್ರಯೋಗಾಲಯದಿಂದ ಬಂದಿದ್ದವು. ಅಲ್ಲಿಗೆ ಹತ್ತಿರದ ಲ್ಯಾಬ್ ಅದೊಂದೇ ಆದ್ದರಿಂದ ಹಾಗಾಗಿರಬಹುದು. ಅಥವಾ ಕೆಂಪು ಬಣ್ಣ ಬಡಾವಣೆಯದ್ದೇ ಅಲ್ಲ, ಲ್ಯಾಬಿನದ್ದಿರಬಹುದು. “ಎರಡೂ ಆಗಬಹುದ್ರಿ. ಅಂಕಿ ನೋಡಿ ಹೇಳಾಕ ಬರಂಗಿಲ್ಲ,” ಎಂದರು.

ಹಾಗಾದರೆ ಹೇಳಬೇಕಾದದ್ದು ಗಂಟುಗಳೇ. ಬಯಾಪ್ಸಿ ತುಣುಕನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿ ಇಡುತ್ತಾರೆ. ಅದನ್ನು ನಾವು ಬ್ಲಾಕ್ ಎನ್ನುತ್ತೇವೆ. ಎಷ್ಟೋ ವರ್ಷ ಕೆಡದೆ ಉಳಿಯುತ್ತದೆ. ಅದರಿಂದ ಹೊಸದಾಗಿ ತೆಳು ಪದರ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಹೊಸ ಪರೀಕ್ಷೆ ಮಾಡಬಹುದು. ಬ್ಲಾಕುಗಳು ಆ ಲ್ಯಾಬಿನಲ್ಲಿದ್ದವು.

ಲ್ಯಾಬಿನ ಒಡೆಯರೂ ಪೆಥಾಲಜಿಸ್ಟರೇ. ಒಬ್ಬರೇ ಕಟ್ಟಿ ಬೆಳೆಸಿದ ಜಾಗ. ಒಳಗೆ ಹೋದರೆ, ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ವಾಸನೆಯ ಜೊತೆ ಫಿಲ್ಟರ್ ಕಾಫಿಯ ಪರಿಮಳ. ನನಗೂ ಒಂದು ಲೋಟ ತರಿಸಿದರು. ವಿಷಯ ಕೇಳಿದ ಮೇಲೆ ಅವರ ಮುಖ ಗಂಭೀರವಾಯಿತು.

“ಬ್ಲಾಕ್ ಕೊಡಕ್ಕೆ ನನಗೇನೂ ಕಷ್ಟ ಇಲ್ಲ ಮೇಡಂ. ಆದ್ರೆ ಆಮೇಲೆ ಏನಾಗತ್ತೆ ಅಂತ ನಂಗೊತ್ತು. ಒಂದು ಲ್ಯಾಬ್ ತಪ್ಪು ಮಾಡ್ತು ಅಂತ ಎಲ್ಲಾ ಕಡೆ ಸುದ್ದಿ ಆಗತ್ತೆ. ಯಾವ ಲ್ಯಾಬು ಅಂತ ಹುಡುಕೋಕೆ ಯಾರಿಗೂ ಐದು ನಿಮಿಷ ಸಾಕು.”

“ನಿಮ್ಮ ಹೆಸರು ಎಲ್ಲೂ ಬರಲ್ಲ ಸಾರ್.”

“ಹೆಸರು ಬರಲ್ಲ, ಹೆಸರು ಹೋಗತ್ತೆ. ಬೇಡ ಮೇಡಂ. ಬೇಜಾರು ಮಾಡ್ಕೋಬೇಡಿ.”

ಬರಿಗೈಯಲ್ಲಿ ಹೊರಟೆ. ಸಂಜೆಯ ಟ್ರಾಫಿಕ್‌ನಲ್ಲಿ ಆಟೊ ಆಮೆಯ ಹಾಗೆ ಸಾಗುತ್ತಿತ್ತು. ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಅವರ ಜಾಗದಲ್ಲಿ ನಾನಿದ್ದಿದ್ದರೆ ಕೊಡುತ್ತಿದ್ದೆನೇ? ಯಾರೋ ಬಂದು ನನ್ನ ಹಳೆಯ ಸ್ಲೈಡುಗಳನ್ನು ತೆಗೆದುಕೊಂಡು ಹೋಗಿ, ಬಾಗಿಲು ಹಾಕಿಕೊಂಡು ಪರೀಕ್ಷಿಸಿ, ಆಮೇಲೆ ತೀರ್ಪು ಕಳಿಸುತ್ತಾರೆ ಎಂದರೆ ನಾನೂ ಬೇಡವೆನ್ನುತ್ತಿದ್ದೆ. ಅವರು ಒಪ್ಪದೇ ಇದ್ದದ್ದು ಬ್ಲಾಕು ಕೊಡುವುದಕ್ಕಲ್ಲ, ಆ ಮುಚ್ಚಿದ ಬಾಗಿಲಿಗೆ.

ಮಾರನೇ ದಿನ ಮುಖ್ಯಸ್ಥೆಗೆ ಹೇಳಿದೆ: “ಅವರನ್ನೇ ನಮ್ಮ ಜೊತೆ ಕೂರಿಸಿಕೊಳ್ಳೋಣ. ಸ್ಲೈಡು ಓದೋ ಮೂವರಲ್ಲಿ ಅವರೂ ಒಬ್ಬರಾಗಲಿ.”

“ಅವರ ವರದೀನ ಅವರೇ ಪರೀಕ್ಷೆ ಮಾಡೋದಾ? ಯಾರು ಒಪ್ತಾರೆ?”

ಸಂಖ್ಯಾಶಾಸ್ತ್ರಜ್ಞರು ಕುರ್ಚಿ ಎಳೆದುಕೊಂಡು ನಡುವೆ ಬಂದರು. “ಯಾರ ಸ್ಲೈಡ್ ಯಾವುದು ಅಂತ ಯಾರಿಗೂ ಗೊತ್ತಾಗದಂಗ ನಾ ಮಾಡ್ತೀನ್ರಿ. ಜಯನಗರದ್ದು, ಬನಶಂಕರಿದು, ಹೊಸಕೆರೆಹಳ್ಳಿದು, ಎಲ್ಲಾ ಕಲಸಿಬಿಡ್ತೀನಿ. ಹೆಸರು ತೆಗೆದು ಗುರುತಿನ ಸಂಖ್ಯೆ ಹಾಕ್ತೀನಿ. ಮೂವರೂ ಬ್ಯಾರೆ ಬ್ಯಾರೆ ಓದ್ರಿ, ಆಮ್ಯಾಲ ಕೂಡಿ ನೋಡ್ರಿ. ತಪ್ಪಿದ್ರ ಎಲ್ಲಾರದೂ ತಪ್ಪತೈತಿ.”

ಕೊನೆಯ ಮಾತು ಮುಖ್ಯಸ್ಥೆಗೆ ಹಿಡಿಸಿತು. ಅದೇ ಮಾತನ್ನು ನಾನು ಲ್ಯಾಬಿನ ಡಾಕ್ಟರಿಗೆ ಒಪ್ಪಿಸಿದೆ. ಫೋನಿನ ಆ ಕಡೆಯಿಂದ ಅವರು, “ಕಾಫಿ ಹೇಗಿರತ್ತೆ ನಿಮ್ಮ ಕಡೆ?” ಎಂದು ಕೇಳಿದರು. ಬ್ಲಾಕುಗಳನ್ನು ತಮ್ಮ ಕಾರಿನಲ್ಲಿ ತಾವೇ ತಂದುಕೊಟ್ಟರು.

ಇನ್ನು ಬಣ್ಣ ಹಾಕುವ ಕೆಲಸ. ಒಂದೊಂದು ಬಗೆಯ ಕೋಶದ ಮೇಲೆ ಒಂದೊಂದು ಬಗೆಯ ಗುರುತು ಇರುತ್ತದೆ. ಆ ಗುರುತಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಸ್ಲೈಡಿನ ಮೇಲೆ ಹಾಕಿದರೆ, ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ಯಾವ ಕೋಶ ಯಾವ ಪಂಗಡದ್ದು ಎಂದು ಹೀಗೆ ತಿಳಿಯುತ್ತದೆ. ಆ ಚಿಕ್ಕ ಲ್ಯಾಬಿನಲ್ಲಿ ಬಿ ಕೋಶಕ್ಕೆ ಒಂದು, ಟಿ ಕೋಶಕ್ಕೆ ಒಂದು, ಎರಡೇ ಪ್ರತಿಕಾಯಗಳಿದ್ದವು. ಹೆಚ್ಚಿನವನ್ನು ಇಟ್ಟುಕೊಳ್ಳುವುದು ಚಿಕ್ಕ ಲ್ಯಾಬುಗಳಿಗೆ ಆಗುವ ಮಾತಲ್ಲ. ನಾವು ಹತ್ತಕ್ಕೂ ಹೆಚ್ಚು ಬಗೆಯವನ್ನು ಹಾಕಬೇಕೆಂದುಕೊಂಡಿದ್ದೆವು.

ನಮ್ಮ ದೊಡ್ಡ ಯಂತ್ರ ದಿನದಿನದ ರೋಗಿಗಳ ವರದಿಗೇ ಬಿಡುವಿಲ್ಲದೆ ಓಡುತ್ತಿತ್ತು. ಆದ್ದರಿಂದ ನಾನೂ ನಮ್ಮ ಟೆಕ್ನಿಷಿಯನ್ನೂ ಹಳೆಯ ರೀತಿಯಲ್ಲಿ ಕೈಯಿಂದಲೇ ಮಾಡಲು ಹೊರಟೆವು. ಮೊದಲ ಸುತ್ತು ಪೂರ್ತಿ ಹಾಳಾಯಿತು. ಹೋಲಿಕೆಗೆ ಇಟ್ಟಿದ್ದ ಟಾನ್ಸಿಲ್ ತುಣುಕಿನಲ್ಲಿ ಬಣ್ಣ ಚೆನ್ನಾಗಿ ಬಂದಿತ್ತು, ಅಂದರೆ ಪ್ರತಿಕಾಯ ಸರಿಯಾಗಿತ್ತು. ಹಳೆಯ ಬ್ಲಾಕುಗಳ ಸ್ಲೈಡು ಮಾತ್ರ ಕಂದು ಬಾರದೆ ಪೇಲವ ನೀಲಿ. ಆ ತುಣುಕುಗಳು ಫಾರ್ಮಲಿನ್‌ನಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ನೆನೆದು, ಗುರುತುಗಳೆಲ್ಲ ಒಳಗೇ ಬಿಗಿದುಕೊಂಡಿದ್ದವು. ಬಿಡಿಸಬೇಕಾದರೆ ಸ್ಲೈಡುಗಳನ್ನು ದ್ರಾವಣದಲ್ಲಿಟ್ಟು ಒತ್ತಡದಲ್ಲಿ ಕುದಿಸಬೇಕು. ಇದಕ್ಕೆ ಅಡುಗೆ ಮನೆಯ ಪ್ರೆಶರ್ ಕುಕ್ಕರಿಗಿಂತ ಒಳ್ಳೆಯ ಸಾಧನ ಇಲ್ಲ.

ಜಯನಗರ ನಾಲ್ಕನೇ ಬ್ಲಾಕಿನ ಪಾತ್ರೆ ಅಂಗಡಿಗೆ ಇಬ್ಬರೂ ಹೋದೆವು. ಟೆಕ್ನಿಷಿಯನ್ ಮುಚ್ಚಳ ತೆಗೆದು, ಹಾಕಿ, ಒಳಗೆ ಗೇಣು ಹಾಕಿ ಅಳೆದು ನೋಡುತ್ತಿದ್ದರು.

“ಎಷ್ಟು ಜನಕ್ಕೆ ಅಡುಗೆ ಅಕ್ಕ?” ಎಂದ ಅಂಗಡಿಯವನು.

“ಜನಕ್ಕಲ್ಲ ಅಣ್ಣ, ಸ್ಲೈಡಿಗೆ,” ಎಂದರು ಟೆಕ್ನಿಷಿಯನ್.

“ಸ್ಲೈಡು ಬೇಯತ್ತಾ?”

“ಬೇಯ್ಬಾರ್ದು. ಅದೇ ಕಷ್ಟ.”

ಆತ ಇನ್ನೇನೂ ಕೇಳದೆ ಅಗಲವಾದ ಸ್ಟೀಲಿನ ಕುಕ್ಕರ್ ಒಂದನ್ನು ಕೆಳಗಿಳಿಸಿದ.

ಮೊದಲ ಕುದಿಗೆ ತುಣುಕುಗಳು ಗಾಜಿನಿಂದ ಎದ್ದು ದ್ರಾವಣದಲ್ಲಿ ತೇಲಿದವು. ನೀರಲ್ಲಿ ಬಿದ್ದ ಈರುಳ್ಳಿ ಸಿಪ್ಪೆಯ ಹಾಗೆ ಕಂಡವು. ಟೆಕ್ನಿಷಿಯನ್ ತಲೆ ಮೇಲೆ ಕೈ ಹೊತ್ತು ಕೂತರು. ಅಂಟು ಲೇಪ ಇರುವ ಬೇರೆ ಸ್ಲೈಡು ತರಿಸಿದೆವು, ಒಲೆಯ ಉರಿ ತಗ್ಗಿಸಿದೆವು, ದ್ರಾವಣ ಬದಲಾಯಿಸಿದೆವು, ಇಳಿಸಿದ ಮೇಲೆ ಮುಚ್ಚಳ ತೆಗೆಯುವ ಆತುರ ಬಿಟ್ಟೆವು. ಕೊನೆಗೊಂದು ಮಧ್ಯಾಹ್ನ ಸ್ಲೈಡು ತೊಳೆದು ಬೆಳಕಿಗೆ ಹಿಡಿದಾಗ ಕಂದು ಬಣ್ಣ ಬರಿಗಣ್ಣಿಗೇ ಕಾಣಿಸಿತು. ಟೆಕ್ನಿಷಿಯನ್ ನನ್ನ ಕೈ ಹಿಡಿದು ಕುಣಿದೇಬಿಟ್ಟರು. ಆ ವಾರವೆಲ್ಲ ನಮ್ಮ ಮೂಲೆಯಿಂದ ಕುಕ್ಕರ್ ಕೂಗುವ ಸದ್ದು ಬರುತ್ತಿತ್ತು, ಹಾದುಹೋಗುವವರೆಲ್ಲ ಬಾಗಿಲಲ್ಲಿ ಇಣುಕಿ, “ಇವತ್ತು ಏನು, ಬಿಸಿಬೇಳೆ ಬಾತಾ?” ಎನ್ನುತ್ತಿದ್ದರು.

ಓದುವ ದಿನ ಬಂತು. ಮೊದಲು ಸಂಖ್ಯಾಶಾಸ್ತ್ರಜ್ಞರು ಪ್ರತಿಯೊಂದು ಗಂಟಿಗೂ ಬಿ, ಟಿ ಎಂಬ ಹಳೆಯ ಎರಡು ಬಣ್ಣದ ಸ್ಲೈಡುಗಳನ್ನು ಮಾತ್ರ ಕೊಟ್ಟರು. ನಾನು, ಮುಖ್ಯಸ್ಥೆ, ಲ್ಯಾಬಿನ ಡಾಕ್ಟರು, ಮೂವರೂ ಬೇರೆ ಬೇರೆ ಕೋಣೆಗಳಲ್ಲಿ ಕೂತು ನಮ್ಮ ನಮ್ಮ ತೀರ್ಮಾನ ಬರೆದುಕೊಟ್ಟೆವು. ನನ್ನ ಉತ್ತರಗಳಲ್ಲಿ ಟಿ-ಕೋಶದ ಲಿಂಫೋಮಾ ಎಂದು ಹಲವು ಸಲ ಬರೆದದ್ದು ನನಗೆ ನೆನಪಿದೆ. ಆಮೇಲೆ ಎಲ್ಲ ಬಣ್ಣಗಳ ಸ್ಲೈಡುಗಳೊಡನೆ, ಒಂದೇ ತುಣುಕನ್ನು ಹಲವರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಸುತ್ತ ಕೂತೆವು.

ಮೂರನೆಯದೋ ನಾಲ್ಕನೆಯದೋ ಇರಬೇಕು. ಟಿ ಕೋಶದ ಬಣ್ಣದಲ್ಲಿ ಇಡೀ ತುಣುಕೇ ಕಂದು. ಬಿ ಕೋಶದ ಬಣ್ಣ ಅಲ್ಲೊಂದು ಇಲ್ಲೊಂದು ಚುಕ್ಕಿ. ಹೊಸ ಬಣ್ಣದ ಸ್ಲೈಡನ್ನು ಇಟ್ಟೆ. ಆ ಕಿಕ್ಕಿರಿದ ಗುಂಪು ಈಗ ಬಣ್ಣವಿಲ್ಲದೆ ಹಿಂದೆ ಸರಿಯಿತು. ಅದರ ನಡುವೆ ದೂರ ದೂರದಲ್ಲಿ, ಬೇರೆಲ್ಲಕ್ಕಿಂತ ದೊಡ್ಡದಾದ ಕೆಲವೇ ಕೋಶಗಳು ಕಂದು ಉಂಗುರ ತೊಟ್ಟು ನಿಂತಿದ್ದವು. ಒಂದರೊಳಗೆ ಜೋಡಿ ಕೋಶಕೇಂದ್ರ, ಗೂಬೆಯ ಕಣ್ಣಿನ ಹಾಗೆ.

“ಹಾಡ್ಜ್‌ಕಿನ್!” ಎಂದು ಕೂಗಿದವರು ಲ್ಯಾಬಿನ ಡಾಕ್ಟರು. “ಇದು ಟಿ-ಕೋಶದ್ದಲ್ವೇ ಅಲ್ಲ, ಹಾಡ್ಜ್‌ಕಿನ್ ಲಿಂಫೋಮಾ! ಸುತ್ತ ಇರೋದೆಲ್ಲ ಪಾಪದ ಟಿ ಕೋಶಗಳು. ಗಲಾಟೆ ಕೇಳಿ ನೋಡಕ್ಕೆ ಬಂದಿರೋವು!”

ಅವರು ಹೇಳಿದ್ದು ಸರಿಯಾಗಿತ್ತು. ಹಾಡ್ಜ್‌ಕಿನ್ ಎಂಬ ಬಗೆಯಲ್ಲಿ ನಿಜವಾದ ರೋಗದ ಕೋಶಗಳು ಬಹಳ ಕಡಿಮೆ. ಅವುಗಳ ಸುತ್ತ ಆರೋಗ್ಯವಂತ ಕೋಶಗಳು ಜಮಾಯಿಸುತ್ತವೆ. ಎರಡೇ ಬಣ್ಣ ಇದ್ದರೆ ಕಾಣುವುದು ಆ ಜಂಗುಳಿಯೇ. ಹಾಡ್ಜ್‌ಕಿನ್‌ಗೆ ಚಿಕಿತ್ಸೆ ಬೇರೆ, ಗುಣವಾಗುವವರ ಪಾಲೂ ಹೆಚ್ಚು.

ಒಂದಾದ ಮೇಲೊಂದು ಅಂಥವೇ ಬಂದವು. ಎಲ್ಲವೂ ಅಲ್ಲ, ಕೆಲವು ನಿಜಕ್ಕೂ ಟಿ-ಕೋಶದವೇ ಆಗಿದ್ದವು, ಒಂದೆರಡರಲ್ಲಿ ತುಣುಕು ತೀರಾ ಚಿಕ್ಕದಾಗಿ ನಮಗೆ ಏನೂ ಹೇಳಲಾಗಲಿಲ್ಲ. ಕೊನೆಯಲ್ಲಿ ಸಂಖ್ಯಾಶಾಸ್ತ್ರಜ್ಞರು ಗುರುತಿನ ಸಂಖ್ಯೆಗಳನ್ನು ಬಿಡಿಸಿದರು. ಹಾಡ್ಜ್‌ಕಿನ್ ಎಂದು ಬದಲಾದ ಹೆಚ್ಚಿನವು ಆ ಬಡಾವಣೆಯವು.

ಲ್ಯಾಬಿನ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಸಂಖ್ಯಾಶಾಸ್ತ್ರಜ್ಞರು ಇನ್ನೊಂದು ಹಾಳೆ ಮುಂದಿಟ್ಟರು. “ಸರ, ಇದನ್ನೂ ನೋಡ್ರಿ. ಎರಡ ಬಣ್ಣ ಅಷ್ಟ ಕೊಟ್ಟಾಗ ಮೂವರೂ ಬರೆದದ್ದು ಹೆಚ್ಚುಕಡಿಮಿ ಒಂದ ಐತಿ. ಈ ಮೇಡಂ ಅವರು ನಿಮಗಿಂತ ಜಾಸ್ತಿ ತಪ್ಪ್ಯಾರ.”

“ನಿಜಾನಾ?” ಎಂದು ಅವರು ನನ್ನ ಕಡೆ ನೋಡಿದರು.

“ನಿಜ ಸಾರ್,” ಎಂದೆ. ಅಷ್ಟು ಸಂತೋಷದಿಂದ ನಾನು ಯಾವ ತಪ್ಪನ್ನೂ ಒಪ್ಪಿಕೊಂಡಿರಲಿಲ್ಲ.

ಹೊಸ ಲೆಕ್ಕದ ನಕ್ಷೆಯಲ್ಲಿ ಆ ಬಡಾವಣೆ ಪಕ್ಕದ ಬಡಾವಣೆಗಳ ಹಾಗೆಯೇ ತಿಳಿ ಹಳದಿಯಾಗಿತ್ತು. ಟಿ-ಕೋಶದ್ದು ಅಲ್ಲಿ ಹೆಚ್ಚಿರಲಿಲ್ಲ. ಹಾಡ್ಜ್‌ಕಿನ್ ಸಂಖ್ಯೆಯೂ ಅಷ್ಟು ಜನರಿರುವ ಕಡೆ ಎಷ್ಟಿರಬೇಕೋ ಅಷ್ಟೇ.

ಆದರೆ ಹಾಡ್ಜ್‌ಕಿನ್ ಎಂದು ಬದಲಾದವುಗಳಲ್ಲಿ ಒಂದು ಸ್ಲೈಡು ನಮ್ಮನ್ನು ಕೂರಲು ಬಿಡಲಿಲ್ಲ. ಅದು ಇತ್ತೀಚಿನದು; ಆ ರೋಗಿ ಇನ್ನೂ ಚಿಕಿತ್ಸೆಯಲ್ಲಿರಬಹುದು. ರೋಗಿಗೆ ಉಪಯೋಗವಾಗುವಂಥದ್ದು ಕಂಡರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತಿಳಿಸಬೇಕೆಂಬ ಷರತ್ತು ನಮ್ಮ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟ ನೈತಿಕ ಸಮಿತಿಯದ್ದು. ಮುಖ್ಯಸ್ಥೆ ಆ ದಿನವೇ ಫೋನ್ ಮಾಡಿದರು. ಕ್ಯಾನ್ಸರ್ ತಜ್ಞರು ತಾವೇ ಬಂದು ಸ್ಲೈಡು ನೋಡಿದರು. ಟಿ-ಕೋಶದ್ದೆಂದು ಕೊಟ್ಟ ಔಷಧಕ್ಕೆ ರೋಗಿಯ ಗಂಟು ಅರ್ಧ ಇಳಿದು ನಿಂತುಬಿಟ್ಟಿತ್ತಂತೆ. ಮುಂದೇನು ಎಂದು ಅವರು ತಲೆ ಕೆಡಿಸಿಕೊಂಡಿದ್ದರಂತೆ. “ಈಗ ದಾರಿ ಇದೆ,” ಎಂದು ಹೇಳಿ, ಬಂದಷ್ಟೇ ಬೇಗ ಹೋದರು.

ಕೆಲವು ತಿಂಗಳ ನಂತರ ಅವರಿಂದ ಫೋನ್ ಬಂತು. ಸ್ಕ್ಯಾನ್‌ನಲ್ಲಿ ಗಂಟುಗಳು ಕಾಣುತ್ತಿಲ್ಲ. ರೋಗಿ ನಮ್ಮನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾರೆ.

ಬಂದವರು ಐವತ್ತರ ಆಸುಪಾಸಿನ ಹೆಂಗಸು. ತಲೆಗೆ ಹೂವಿನ ಚಿತ್ರದ ಬಟ್ಟೆ, ಕೈಯಲ್ಲಿ ಸಪೋಟ ತುಂಬಿದ ಚೀಲ. ಆ ಬಡಾವಣೆ ಹಳ್ಳಿಯಾಗಿದ್ದಾಗ ಅವರದ್ದು ಅಲ್ಲಿ ಬೇಸಾಯದ ಮನೆತನ. ಈಗ ಅದೇ ಜಮೀನಿನಲ್ಲಿ ಬಾಡಿಗೆ ಮನೆಗಳು. ಕಾಕತಾಳೀಯವಾಗಿ ಆ ದಿನ ಲ್ಯಾಬಿನ ಡಾಕ್ಟರೂ ನಮ್ಮಲ್ಲಿದ್ದರು. ಅಷ್ಟರಲ್ಲಿ ಅವರಿಗೆ ನಮ್ಮ ಕಾಫಿ ಅಭ್ಯಾಸವಾಗಿತ್ತು.

“ಯಾರವ್ವಾ ನನ್ ಗಂಟಿಗೆ ಹೆಸ್ರು ಬದಲಾಯಿಸ್ದೋರು?” ಎಂದರು ಆಕೆ ಬಾಗಿಲಲ್ಲೇ ನಿಂತು.

“ಇವರು,” ಎಂದು ಡಾಕ್ಟರನ್ನು ತೋರಿಸಿದೆ.

ಅವರು ಎದ್ದು ನಿಂತರು. “ನಾನೇ ಅಮ್ಮ. ಆದ್ರೆ ಮೊದಲ್ನೇ ಹೆಸರು ಇಟ್ಟಿದ್ದೂ ನಾನೇ.”

ಅದನ್ನು ಹೇಳಬೇಕಾದ ಅಗತ್ಯ ಅವರಿಗಿರಲಿಲ್ಲ. ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದರು. ಕೈಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

“ಆ ಮೊದ್ಲು ಕೊಟ್ಟ ಔಷ್ದಿ ಭಾಳ ಸುಸ್ತು ಮಾಡ್ತು ಸಾರ್,” ಎಂದರು. “ಎದ್ದು ಕೂರಕ್ಕಾಗ್ತಿರ್ಲಿಲ್ಲ.”

“ಗೊತ್ತಮ್ಮ. ಕ್ಷಮಿಸಿ.”

“ಹೋಗ್ಲಿ ಬುಡಿ. ಇಟ್ಟೋರೇ ಬದಲಾಯ್ಸಿದ್ರಲ್ಲ, ಅದು ದೊಡ್ಡದು. ನಾಮಕರಣದಾಗೂ ಎರಡೆರಡು ಹೆಸ್ರು ಇಡ್ತೀವಿ.” ಚೀಲವನ್ನು ಅವರ ಕೈಗೇ ಕೊಟ್ಟರು. “ಈಗ ಅದ್ನ ನಂಗೂ ತೋರ್ಸಿ.”

ಸೂಕ್ಷ್ಮದರ್ಶಕದ ಎತ್ತರ ಸರಿಮಾಡಿಕೊಟ್ಟೆ. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಕೊನೆಗೆ ಎರಡೂ ತೆರೆದು ನೋಡಿದರು. “ಅಯ್ಯಯ್ಯೋ, ಕಣ್ ಬುಟ್ಕೊಂಡು ನನ್ನೇ ನೋಡ್ತಾ ಐತಲ್ಲ!” ಎಂದು ಹಿಂದೆ ಸರಿದು, ಮತ್ತೆ ಬಾಗಿ ನೋಡಿದರು. “ಇಷ್ಟೇನಾ? ಇದಕ್ಕಾ ನಮ್ ಬೀದಿ ಜನ ಎಲ್ಲಾ ಬೋರಿನ್ ನೀರು ಬುಟ್ಟಿದ್ದು? ನಮ್ಮೋರ್ಗೆ ಬಂದು ಹೇಳಿ ನೀವು.”

ಹೇಳಲು ಹೋದೆವು. ಒಂದು ಭಾನುವಾರ ಬೆಳಗ್ಗೆ ಸಂಘದ ಸಭಾಂಗಣದಲ್ಲಿ ಜನ ಸೇರಿದ್ದರು. ಸಂಖ್ಯಾಶಾಸ್ತ್ರಜ್ಞರು ಎರಡೂ ನಕ್ಷೆಗಳನ್ನು ಗೋಡೆಯ ಮೇಲೆ ತೋರಿಸಿ, ಕೆಂಪು ಯಾಕೆ ಬಂತು, ಯಾಕೆ ಹೋಯಿತು ಎಂದು ವಿವರಿಸಿದರು. ಯಾವ ಲ್ಯಾಬು ಎಂದು ಯಾರೂ ಕೇಳಲಿಲ್ಲ. ಬಣ್ಣಗಳು ಸಾಲದೆ ಹೋಗಿದ್ದವು ಎಂಬುದು ಎಲ್ಲರಿಗೂ ಅರ್ಥವಾಯಿತು.

“ಹಾಗಾದ್ರೆ ಬೋರ್ ನೀರು ಸೇಫಾ?” ಎಂದರು ಮುಂದಿನ ಸಾಲಿನ ಒಬ್ಬರು.

“ನೀರನ್ನ ನಾವು ಪರೀಕ್ಷೆ ಮಾಡಿಲ್ಲ,” ಎಂದರು ಮುಖ್ಯಸ್ಥೆ. “ಅದಕ್ಕೆ ಬೇರೆಯವರಿದಾರೆ, ಮಾಡಿಸಿ. ಈ ಕಾಯಿಲೆ ನಿಮ್ಮ ಏರಿಯಾದಲ್ಲಿ ಬೇರೆ ಕಡೆಗಿಂತ ಜಾಸ್ತಿ ಇಲ್ಲ. ಅಷ್ಟನ್ನ ಗ್ಯಾರಂಟಿಯಾಗಿ ಹೇಳ್ತೀನಿ.”

“ಹೇಳೋದೇನೋ ಸುಲಭ ಮೇಡಂ,” ಎಂದಿತು ಹಿಂದಿನಿಂದ ಒಂದು ದನಿ. “ನೀವ್ಯಾರೂ ಇಲ್ಲಿ ಇರಲ್ವಲ್ಲ.”

ಮುಖ್ಯಸ್ಥೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಗ ಸಂಖ್ಯಾಶಾಸ್ತ್ರಜ್ಞರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ತಮ್ಮ ಎಂದಿನ ಗಟ್ಟಿ ದನಿಯಲ್ಲಿ ಕೇಳಿದರು:

“ಇಲ್ಲೆ ಮನಿ ಖಾಲಿ ಅದಾವೇನ್ರಿ?”

ಸಭೆಗೆ ಸಭೆಯೇ ಅವರ ಕಡೆ ತಿರುಗಿತು.

“ಚೇಷ್ಟೆ ಅಲ್ರಿ. ಬಿಟಿಎಂ ಲೇಔಟ್‌ನಾಗ ನನ್ನ ರೂಮಿಗೆ ಗಾಳಿನೂ ಇಲ್ಲ, ಬೆಳಕೂ ಇಲ್ಲ. ಅವ್ವನ್ನ ಕರಕೊಂಡು ಬರಬೇಕಂದ್ರ ಜಾಗ ಸಾಲಂಗಿಲ್ಲ. ಈ ನಕ್ಷಾ ಮಾಡಿದಾಂವ ನಾನ. ನಾ ಬಂದು ಇರ್ತೀನಿ.”

ಸಪೋಟದ ಹೆಂಗಸು ನಡುವಿನ ಸಾಲಿನಿಂದ ಎದ್ದು ನಿಂತರು. “ನಮ್ದೇ ಮೇಲ್ಗಡೆ ಮನೆ ಖಾಲಿ ಐತೆ ಕಣಪ್ಪಾ. ಮದ್ವೆ ಆಗೈತಾ?”

“ಇಲ್ರಿ.”

“ಬ್ಯಾಚುಲರ್‌ಗೆ ಮನೆ ಕೊಡ್ಬಾರ್ದು ಅಂತ ನಮ್ಮನೆಯೋರು ರೂಲ್ ಮಾಡವ್ರೆ,” ಎಂದು ಅವರು ಪಕ್ಕದಲ್ಲಿದ್ದ ಗಂಡನ ಕಡೆ ನೋಡಿದರು. ಗಂಡ ನೆಲ ನೋಡುತ್ತಾ ನಗುತ್ತಿದ್ದರು. “ಅವ್ವ ಬರ್ತಾರೆ ಅಂದ್ಯಲ್ಲ, ಕೊಡ್ತೀವಿ ಬುಡು. ಆದ್ರೆ ಮೊದ್ಲೇ ಹೇಳಿರ್ತೀನಿ, ಅಷ್ಟು ಜೋರಾಗಿ ಮಾತಾಡಂಗಿಲ್ಲ!”

ಸಭಾಂಗಣ ನಗೆಯಲ್ಲಿ ಮುಳುಗಿಹೋಯಿತು. ‘ನೀವ್ಯಾರೂ ಇಲ್ಲಿ ಇರಲ್ವಲ್ಲ’ ಎಂದಿದ್ದ ಹಿಂದಿನ ಸಾಲಿನ ಮನುಷ್ಯ ಮುಂದೆ ಬಂದು, ಸಾಮಾನು ಸಾಗಿಸಲು ತಮ್ಮದೇ ಟೆಂಪೊ ಇದೆ ಎಂದು ಸಂಖ್ಯಾಶಾಸ್ತ್ರಜ್ಞರ ಫೋನ್ ನಂಬರ್ ಬರೆದುಕೊಂಡರು.